ಒಂದೇ ಒಂದು ಕೆಟ್ಟ ದಿನ ಸಾಕಾ?

ಒಂದು ಕೆಟ್ಟ ದಿನ ಬಂದರೆ ಸಾಕು, ಎಂಥ ಗಟ್ಟಿ ಮನುಷ್ಯನೂ ತನ್ನ ಹಾಗೇ ಆಗುತ್ತಾನೆ. ಇದು ಬ್ಯಾಟ್‌ಮನ್ ಕಾಮಿಕ್ಸ್‌ನ ಖಳನಾಯಕ ಜೋಕರ್‌ನ ವಾದ. ಅಲನ್ ಮೂರ್ ಬರೆದು ಬ್ರಯಾನ್ ಬೋಲಂಡ್ ಚಿತ್ರ ಬಿಡಿಸಿದ ‘ದಿ ಕಿಲ್ಲಿಂಗ್ ಜೋಕ್’ (1988) ಓದಿದ ಎಷ್ಟೋ ಜನ ಇದನ್ನೇ ಮನಶ್ಶಾಸ್ತ್ರ ಅಂದುಕೊಂಡುಬಿಡುತ್ತಾರೆ. ಮನೋವೈದ್ಯನಾದ ನನಗೆ ಆ ಕಾಮಿಕ್ಸ್ ಇಷ್ಟ. ಆ ವಾದ ಮಾತ್ರ ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಅದು ಒಂದು ದಿನದ ಕಥೆಯೇ ಅಲ್ಲ. ಜೋಕರ್ ಆಗುವ ಮುಂಚೆ, ಕೆಮಿಕಲ್ ಫ್ಯಾಕ್ಟರಿಯ ಕೆಲಸ ಬಿಟ್ಟು ವೇದಿಕೆಯಲ್ಲಿ ಜನರನ್ನು ನಗಿಸಲು ಹೊರಟವನು ಇವನು. ಯಾರೂ ನಗುವುದಿಲ್ಲ. ಕೈಯಲ್ಲಿ ಕಾಸಿಲ್ಲ, ಹೆಂಡತಿ ಬಸುರಿ. ಅವಳ ಮೇಲೆ ರೇಗುತ್ತಾನೆ, ಆಮೇಲೆ ಅವಳ ಮುಂದೆಯೇ ಅಳುತ್ತಾನೆ. ಅವಮಾನ ಒಳಗೊಳಗೇ ಕೊಳೆಯುತ್ತಿದೆ. ಅದಕ್ಕೇ ಹಳೇ ಫ್ಯಾಕ್ಟರಿಯೊಳಗೆ ಇಬ್ಬರು ಕಳ್ಳರಿಗೆ ದಾರಿ ತೋರಿಸಲು ಒಪ್ಪುತ್ತಾನೆ.

ಆಮೇಲೆ ಬಾರ್‌ನ ದೃಶ್ಯ. ಪೊಲೀಸರು ಬಂದು ಪಕ್ಕಕ್ಕೆ ಕರೆಯುತ್ತಾರೆ. ಮಗುವಿನ ಬಾಟಲಿ ಬಿಸಿ ಮಾಡುವ ಯಂತ್ರವನ್ನು ಪರೀಕ್ಷಿಸುವಾಗ ಹೆಂಡತಿ ಸತ್ತಿದ್ದಾಳೆ. ಇನ್ನು ಆ ದುಡ್ಡು ಯಾರಿಗೆ? ಬರುವುದಿಲ್ಲ ಅನ್ನುತ್ತಾನೆ. ಕಳ್ಳರು ಬಿಡುವುದಿಲ್ಲ, ಅದೇ ರಾತ್ರಿ ಎಳೆದೊಯ್ಯುತ್ತಾರೆ. ಎಲ್ಲರಿಗೂ ನೆನಪಿರುವುದು ಅಲ್ಲಿ ಅವನು ಬಿದ್ದ ರಾಸಾಯನಿಕದ ನೀರು, ಅದರಿಂದಾದ ಬಿಳಿ ಮುಖ, ಹಸಿರು ಕೂದಲು. ನನ್ನ ಪ್ರಕಾರ ಅವನು ಮುರಿದದ್ದು ಬಾರ್‌ನಲ್ಲಿ. ಅತ್ತು ಹಗುರಾಗಲು ಒಂದು ರಾತ್ರಿಯೂ ಸಿಗಲಿಲ್ಲ, ಜೊತೆಗೆ ಕೂರುವವರೂ ಇರಲಿಲ್ಲ. ಆಘಾತ ಆದ ಮೇಲೆ ಆಸರೆ ಸಿಗದಿದ್ದರೆ ತೊಂದರೆ ಜಾಸ್ತಿ. ಇದನ್ನು ಕ್ಲಿನಿಕ್‌ನಲ್ಲಿ ಪದೇ ಪದೇ ನೋಡುತ್ತೇವೆ.

ಇಷ್ಟಕ್ಕೂ ಇದೆಲ್ಲ ನಡೆದದ್ದು ನಿಜವಾ? ತನ್ನ ಹಳೇ ಬದುಕು ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಅಂತ ಅವನೇ ಹೇಳುತ್ತಾನೆ. ಮಾಡಿದ್ದಕ್ಕೆ ತಕ್ಕ ನೆಪ ಆರಿಸಿಕೊಳ್ಳುವವರಿಗೆ ಇದು ಅನುಕೂಲ, ಅಲ್ವಾ?

ಅವನ ವಾದಕ್ಕೆ ಉತ್ತರ ಕಥೆಯೊಳಗೇ ಇದೆ. ಪೊಲೀಸ್ ಕಮಿಷನರ್ ಗಾರ್ಡನ್‌ನ ಕಣ್ಣೆದುರೇ ಮಗಳು ಬಾರ್ಬರಾಗೆ ಗುಂಡು ಹೊಡೆದು, ಅವನನ್ನು ಬೆತ್ತಲೆ ಮಾಡಿ, ಗುಂಡೇಟು ತಿಂದ ಮಗಳ ಫೋಟೊಗಳನ್ನೇ ಮತ್ತೆ ಮತ್ತೆ ತೋರಿಸುತ್ತಾನೆ ಜೋಕರ್. ಗಾರ್ಡನ್ ಜರ್ಜರಿತನಾಗುತ್ತಾನೆ, ಹುಚ್ಚನಾಗುವುದಿಲ್ಲ. ಕಾನೂನಿನ ಪ್ರಕಾರವೇ ಅವನನ್ನು ಹಿಡಿ ಅಂತ ಬ್ಯಾಟ್‌ಮನ್‌ಗೆ ಹೇಳುತ್ತಾನೆ. ವೈದ್ಯರು ಹೆಚ್ಚಾಗಿ ಕಾಣುವುದು ಗಾರ್ಡನ್‌ನಂಥವರನ್ನೇ. ಭೀಕರ ಘಟನೆ ಕಂಡವರಲ್ಲಿ ಹೆಚ್ಚಿನವರಿಗೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಬರುವುದಿಲ್ಲ. ಬಂದರೂ ಅದು ದುಃಸ್ವಪ್ನ, ಬೆಚ್ಚಿಬೀಳುವುದು, ಆ ಜಾಗದ ಕಡೆ ಕಾಲಿಡದಿರುವುದು. ಕೊಲೆ ಮಾಡುವ ಹುಕಿ ಅಲ್ಲ.

ಕೊನೆಗೆ ಬ್ಯಾಟ್‌ಮನ್ ಸಹಾಯ ಮಾಡುತ್ತೇನೆ ಅಂದಾಗ ಜೋಕರ್ ತಡವಾಯ್ತು ಅನ್ನುತ್ತಾನೆ. ನನ್ನೆದುರು ಕೂತು ಹಾಗಂದವರಲ್ಲಿ ಎಷ್ಟೋ ಜನ ಮುಂದಿನ ವಾರವೂ ಬಂದಿದ್ದಾರೆ.