ಪೂರ್ತಿ ಕೆಟ್ಟರೆ ಸುಲಭ, ಅರ್ಧ ಕೆಟ್ಟರೆ ಕಷ್ಟ

"ನಿಮ್ಮ ಬ್ಯಾಕಪ್ ಸಿಸ್ಟಮ್ ಎಲ್ಲಿದೆ?" ಎಂದು ಕೇಳಿದರೆ ಯಾವ ಪೇಮೆಂಟ್ ತಂಡವೂ ತಡಬಡಾಯಿಸುವುದಿಲ್ಲ. ಇನ್ನೊಂದು ಊರಿನ ಡೇಟಾ ಸೆಂಟರ್‌ನಲ್ಲಿದೆ ಎನ್ನುತ್ತಾರೆ. "ಮುಖ್ಯ ಸಿಸ್ಟಮ್ ಸತ್ತಿದೆ ಅಂತ ಆ ಬ್ಯಾಕಪ್‌ಗೆ ಹೇಳೋರು ಯಾರು?" ಎಂದು ಕೇಳಿದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ಕೆಲಸದಲ್ಲಿ ನಾನು ಕಂಡ ದೊಡ್ಡ ತೊಂದರೆಗಳ ಬೇರು ಈ ಎರಡನೇ ಪ್ರಶ್ನೆಯಲ್ಲಿತ್ತು.

2018ರ ಜೂನ್ 1ರಂದು ಯುರೋಪಿನಲ್ಲಿ ವೀಸಾ ಕಾರ್ಡ್‌ಗಳು ಕೈಕೊಟ್ಟಿದ್ದು ನೆನಪಿರಬಹುದು. ಅವರ ಬಳಿ ಎರಡು ಡೇಟಾ ಸೆಂಟರ್ ಇದ್ದವು. ಒಂದು ನಿಂತರೂ ಇನ್ನೊಂದೇ ಇಡೀ ಹೊರೆ ಹೊರಬಲ್ಲ ಹಾಗೆ ಕಟ್ಟಿದ್ದರು. ಆದರೂ ಸುಮಾರು 52 ಲಕ್ಷ ವಹಿವಾಟು ಸರಿಯಾಗಿ ನಡೆಯಲಿಲ್ಲ. ಮುಖ್ಯ ಸೆಂಟರ್‌ನ ಮೆಸೇಜ್‌ಗಳನ್ನು ದಾಟಿಸುವ ಒಂದು ನೆಟ್‌ವರ್ಕ್ ಸ್ವಿಚ್‌ನೊಳಗಿನ ಭಾಗ ಅರ್ಧಂಬರ್ಧ ಕೆಟ್ಟಿತ್ತು. ಪೂರ್ತಿ ಕೆಟ್ಟಿದ್ದರೆ ಬದಲಿ ಸ್ವಿಚ್ ತಾನಾಗಿ ಕೆಲಸ ಹಿಡಿಯುತ್ತಿತ್ತು. ಅರ್ಧ ಬದುಕಿದ್ದರಿಂದ ಬದಲಿ ಏಳಲೇ ಇಲ್ಲ. ಜೊತೆಗೆ, ಕೆಟ್ಟ ಸೆಂಟರ್ ಒಳ್ಳೆಯ ಸೆಂಟರ್‌ಗೆ ಮೆಸೇಜ್ ಕಳಿಸುತ್ತಲೇ ಇತ್ತು. ಅವು ಅಲ್ಲಿ ರಾಶಿ ಬಿದ್ದು, ಅದೂ ನಿಧಾನವಾಯಿತು.

ಹಾಗಾದರೆ ಸತ್ತಿದ್ದು ಯಾರು ಎಂದು ತೀರ್ಮಾನಿಸುವುದು ಹೇಗೆ? ಎರಡೇ ಸೆಂಟರ್ ಇದ್ದರೆ ಆಗುವುದಿಲ್ಲ. ಆ ಕಡೆಯಿಂದ ಸದ್ದಿಲ್ಲ ಅಂದರೆ ಅದು ಸತ್ತಿರಬಹುದು, ಇಲ್ಲವೇ ನಡುವಿನ ಕೇಬಲ್ ಕತ್ತರಿಸಿರಬಹುದು. ಈ ಕಡೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಎರಡೂ ಸೆಂಟರ್‌ಗಳು "ಈಗ ನಾನೇ ಯಜಮಾನ" ಎಂದುಕೊಂಡರೆ ಒಂದೇ ಖಾತೆಯ ಹಣ ಎರಡು ಕಡೆ ಖರ್ಚಾಗುತ್ತದೆ. ಅದಕ್ಕೇ ಮೂರು ಅಥವಾ ಐದು ಜಾಗ ಬೇಕು, ಬಹುಮತ ಇರುವ ಗುಂಪು ಮಾತ್ರ ವಹಿವಾಟಿನ ಲೆಕ್ಕ ಬರೆಯಬೇಕು. ಮೂರರಲ್ಲಿ ಒಂದು ಹೋದರೂ ನಡೆಯುತ್ತದೆ, ಐದರಲ್ಲಿ ಎರಡು ಹೋದರೂ ನಡೆಯುತ್ತದೆ. ನಾಲ್ಕು ಇಟ್ಟು ಲಾಭವಿಲ್ಲ. ನಾಲ್ಕರ ಬಹುಮತ ಮೂರು, ಹಾಗಾಗಿ ಅಲ್ಲೂ ಒಂದನ್ನು ಮಾತ್ರ ಕಳೆದುಕೊಳ್ಳಬಹುದು. ಮೂರನೆಯದು ದೊಡ್ಡ ಸೆಂಟರ್ ಆಗಬೇಕಿಲ್ಲ, ವೋಟು ಹಾಕುವ ಚಿಕ್ಕ ಸರ್ವರ್ ಆದರೂ ಸಾಕು. ಆದರೆ ಅದರ ಕರೆಂಟು ಬೇರೆ, ಕೇಬಲ್ ದಾರಿ ಬೇರೆ ಇರಲೇಬೇಕು. ಮೊದಲ ಸೆಂಟರ್‌ನ ಕಟ್ಟಡದಲ್ಲೇ ಅದನ್ನು ಇಟ್ಟರೆ ಸುಮ್ನೆ ದುಡ್ಡು ದಂಡ.

ಇನ್ನು ದೂರದ ಲೆಕ್ಕ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1000 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ಮಾಮೂಲಿ ಫೈಬರ್‌ನಲ್ಲಿ ಎಷ್ಟು ದುಡ್ಡು ಸುರಿದರೂ ಇದಕ್ಕಿಂತ ಕಡಿಮೆ ಆಗುವುದಿಲ್ಲ. ಹಾಗಾಗಿ ಕೆಲವರು ಮೊದಲು ಇಲ್ಲಿ ಬರೆದು, ಗ್ರಾಹಕರಿಗೆ "ಆಯ್ತು" ಎಂದು ಹೇಳಿ, ನಕಲನ್ನು ಆಮೇಲೆ ಕಳಿಸುತ್ತಾರೆ. ವೇಗವೇನೋ ಸಿಗುತ್ತದೆ. ಆದರೆ ಆ ಕ್ಷಣದಲ್ಲೇ ಸೆಂಟರ್ ಬಿದ್ದರೆ ಕೊನೆಯ ಕೆಲವು ಸೆಕೆಂಡಿನ ಬರಹ ಹೋಗಿರುತ್ತದೆ. ಗ್ರಾಹಕರ ಕೈಯಲ್ಲಿ ರಸೀದಿ ಇದೆ, ಲೆಡ್ಜರ್‌ನಲ್ಲಿ, ಅಂದರೆ ಹಣದ ಲೆಕ್ಕದ ಪುಸ್ತಕದಲ್ಲಿ, ಸಾಲೇ ಇಲ್ಲ! ನನ್ನ ಪ್ರಕಾರ ಹಣದ ಸಾಲಿಗೆ ಈ ದಾರಿ ಸಲ್ಲದು. ಬಹುಮತದ ಜಾಗಗಳಲ್ಲಿ ಬರೆದಾದ ಮೇಲೆಯೇ "ಆಯ್ತು" ಅನ್ನಬೇಕು. ತಡ ಜಾಸ್ತಿ ಅನಿಸಿದರೆ ಮೂರು ಜಾಗಗಳಲ್ಲಿ ಎರಡನ್ನು ಒಂದಕ್ಕೊಂದು 100 ಕಿಲೋಮೀಟರ್ ಒಳಗೆ ಇಡಿ, ದಾರಿಯ ತಡ ಸುಮಾರು 1 ಮಿಲಿಸೆಕೆಂಡಿಗೆ ಇಳಿಯುತ್ತದೆ. ಸ್ಟೇಟ್‌ಮೆಂಟ್, ವರದಿ ಇವೆಲ್ಲ ನಿಧಾನಕ್ಕೆ ಹೋಗಲಿ, ತೊಂದರೆಯಿಲ್ಲ.

ಅಂದಹಾಗೆ, ಹೀಗೆ ಬರೆದ ತಕ್ಷಣ ಹೋಗುವ ನಕಲು ಡೇಟಾ ಬ್ಯಾಕಪ್‌ನ ಜಾಗ ತುಂಬುವುದಿಲ್ಲ. ಯಾರೋ ತಪ್ಪಿ ಅಳಿಸಿದ್ದೂ ಅಷ್ಟೇ ವೇಗದಲ್ಲಿ ಐದೂ ಕಡೆ ಅಳಿಯುತ್ತದೆ. ತಾರೀಖು ಹಾಕಿದ, ಯಾರೂ ತಿದ್ದಲಾಗದ ಪ್ರತಿ ಬೇರೆಯೇ ಇರಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಟೈಮ್‌ಔಟ್, ಅಂದರೆ ಉತ್ತರ ಬರುವ ಮೊದಲೇ ಕಾಯುವ ಸಮಯ ಮುಗಿಯುವುದು. ಕಾರ್ಡ್ ಮೆಸೇಜ್‌ಗಳ ಭಾಷೆಯಲ್ಲಿ 0200 ಅಂದರೆ ಹಣ ಕೇಳುವ ಮೆಸೇಜ್, 0210 ಅದರ ಉತ್ತರ. 0200 ಹೋಯಿತು, ಹಣ ಕಟ್ ಆಯಿತು, 0210 ದಾರಿಯಲ್ಲೇ ಕಳೆದುಹೋಯಿತು ಅಂದುಕೊಳ್ಳಿ. ಕಾರ್ಡ್ ಮೆಷಿನ್ ಮತ್ತೆ ಕೇಳುತ್ತದೆ. ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು: ಪ್ರತಿ ವಹಿವಾಟಿಗೂ ಒಂದು ನಂಬರ್ ಕೊಡಬೇಕು, ಅದೇ ನಂಬರ್ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕಳಿಸಬೇಕು. ನಾನಿದ್ದ ಒಂದು ಕಡೆ ಇದನ್ನು ಚೆನ್ನಾಗಿಯೇ ಮಾಡಿದ್ದರು. ಆದರೆ ಆ ನಂಬರ್‌ಗಳ ಪಟ್ಟಿ ಮುಖ್ಯ ಸೆಂಟರ್‌ನ ಮೆಮೊರಿಯಲ್ಲಿ ಮಾತ್ರ ಇತ್ತು. ಒಂದು ರಾತ್ರಿ ಎರಡನೇ ಸೆಂಟರ್‌ಗೆ ಬದಲಾಯಿಸಿದೆವು. ಲೆಡ್ಜರ್ ಒಂದು ಸಾಲೂ ತಪ್ಪದೆ ಬಂತು, ಪಟ್ಟಿ ಬರಲಿಲ್ಲ. ಟೈಮ್‌ಔಟ್ ಆಗಿ ಮತ್ತೆ ಬಂದ ಮೆಸೇಜ್‌ಗಳೆಲ್ಲ ಅಲ್ಲಿ ಹೊಸದಾಗಿ ಕಂಡವು. ಜನರ ಹಣ ಎರಡೆರಡು ಸಲ ಕಟ್ ಆಯಿತು. ಅಂದಿನಿಂದ ಆ ಪಟ್ಟಿಯನ್ನು ಲೆಡ್ಜರ್ ಸಾಲಿನ ಜೊತೆಗೇ, ಒಂದೇ ಏಟಿಗೆ ಬರೆಸುತ್ತೇನೆ. ಒಂದು ಉಳಿದರೆ ಎರಡೂ ಉಳಿಯಬೇಕು, ಅಲ್ವಾ?

ಬ್ಯಾಂಕೇ ಸಿಗದಿದ್ದಾಗ ಕಾರ್ಡ್ ನೆಟ್‌ವರ್ಕ್ ಅದರ ಪರವಾಗಿ ಸಣ್ಣ ಮೊತ್ತಗಳಿಗೆ ಒಪ್ಪಿಗೆ ಕೊಡುವ ಏರ್ಪಾಡೂ ಇದೆ. ಒಳ್ಳೆಯದೇ. ಆದರೆ ಎಷ್ಟು ಮೊತ್ತದವರೆಗೆ ಎನ್ನುವುದನ್ನು ಬ್ಯಾಂಕ್ ಮೊದಲೇ ಕೂತು ಗೊತ್ತು ಮಾಡಿರಬೇಕು. ನಡುರಾತ್ರಿ ಎಚ್ಚರವಿರುವ ಎಂಜಿನಿಯರ್ ತಲೆಗೆ ಅದನ್ನು ಕಟ್ಟಬಾರದು.

ಎರಡನೇ ಸೆಂಟರ್‌ಗೆ ಬದಲಾಯಿಸಿದ ಆ ರಾತ್ರಿ ಸಿಸ್ಟಮ್ ನಿಂತಿದ್ದು ಇಪ್ಪತ್ತು ನಿಮಿಷವೂ ಇಲ್ಲ. ಆದರೆ ಹಳೆ ಸೆಂಟರ್ ಸರಿಹೋಯಿತು ಎಂದ ಕೂಡಲೇ ನಾವು ವಾಪಸ್ ಹೋಗಲಿಲ್ಲ. ಎರಡೂ ಕಡೆಯ ಸಾಲುಗಳನ್ನು ತಾಳೆ ನೋಡಿದೆವು. ಎರಡು ಸಲ ಕಟ್ ಆದ ಪ್ರತಿಯೊಂದು ಖಾತೆಗೂ ರಿವರ್ಸಲ್, ಅಂದರೆ ಹಣ ವಾಪಸ್ ಮಾಡುವ ಮೆಸೇಜ್, ಕಳಿಸಿದೆವು. ಕೊನೆಯ ಖಾತೆಗೆ ಹಣ ವಾಪಸ್ ಬಿದ್ದಿದ್ದನ್ನು ಕಣ್ಣಾರೆ ನೋಡಿಕೊಂಡು, ಮೂರನೇ ದಿನ ಹಳೆ ಸೆಂಟರ್‌ಗೆ ಮರಳಿದೆವು.