ಇಷ್ಟು ಕಲ್ಲಿದ್ರೂ ದುರ್ಗದಲ್ಲಿ ಕಲ್ಲಿದ್ದಲು ಯಾಕಿಲ್ಲ?

ಚಿತ್ರದುರ್ಗದ ಕೋಟೆ ಹತ್ತಿದವರಿಗೆಲ್ಲ ಗೊತ್ತು, ಎತ್ತ ತಿರುಗಿದ್ರೂ ಬಂಡೆ, ಬಂಡೆ ಮೇಲೆ ಬಂಡೆ. ಇಷ್ಟು ಕಲ್ಲಿರೋ ಊರಲ್ಲಿ ಒಂದು ಬೊಗಸೆ ಕಲ್ಲಿದ್ದಲು ಸಿಗಲ್ಲ, ಇಲ್ಲಿ ಅಂತಲ್ಲ, ಇಡೀ ಕರ್ನಾಟಕದಲ್ಲೇ ಹೇಳ್ಕೊಳ್ಳೋ ಅಂಥ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಕಾರಣ ಏನಪ್ಪಾ ಅಂದ್ರೆ ನಮ್ಮ ಕಲ್ಲಿಗೆ ವಯಸ್ಸು ಜಾಸ್ತಿ. ದುರ್ಗದ ಸುತ್ತಮುತ್ತಲ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೇವು, ಮರಡಿಹಳ್ಳಿ ಹತ್ರ ಹೋದ್ರೆ ನೀರಿನಡಿ ಲಾವಾ ಉಕ್ಕಿ ಹಾಗೇ ತಲೆದಿಂಬಿನ ಥರ ಗಟ್ಟಿಯಾದ ಕಲ್ಲು ಈಗಲೂ ನೋಡಬಹುದು. ಆದ್ರೆ ನೆಲದ ಮೇಲೆ ಗಿಡ ಅಂತ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಕಲ್ಲಿದ್ದಲು ಅಂದ್ರೆ ಜೌಗಲ್ಲಿ ಬಿದ್ದು, ಪೂರ್ತಿ ಕೊಳೆಯೋಕೆ ಗಾಳಿ ಸಿಗದೆ, ಮೇಲೆ ಮಣ್ಣು ಮರಳು ಹೇರಿಕೊಂಡು ಆ ಭಾರಕ್ಕೆ, ಕಾವಿಗೆ ಕಪ್ಪಾದ ಕಾಡು, ಕಾಡೇ ಇಲ್ಲದ ಕಾಲದ ಕಲ್ಲಲ್ಲಿ ಅದು ಎಲ್ಲಿಂದ ಬರಬೇಕು?

ನಮ್ಮ ದೇಶದ ಕಲ್ಲಿದ್ದಲು ಹೆಚ್ಚಿನಂಶ 25ರಿಂದ 30 ಕೋಟಿ ವರ್ಷದ ಹಿಂದಿನದು. ನವೀಕರಿಸಲಾಗದ ಶಕ್ತಿ ಅಂತ ಶಾಲೆ ಪುಸ್ತಕದಲ್ಲಿ ಓದಿರ್ತೀವಲ್ಲ, ಅದರ ಅರ್ಥ ಇಷ್ಟೇ. ದಾವಣಗೆರೆ ಬೆಣ್ಣೆದೋಸೆ ಒಲೆಗೆ ಇಡೋ ಸೌದೆನೂ ಹೊಗೆ ಬಿಡುತ್ತೆ, ಆದ್ರೆ ಮರ ನೆಟ್ರೆ ಹತ್ತು ಹದಿನೈದು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತೆ. ಕಲ್ಲಿದ್ದಲು ಹಾಗಲ್ಲ, ಆಗೋಕೆ ಕೋಟಿಗಟ್ಟಲೆ ವರ್ಷ ಬೇಕು, ಉರಿಯೋಕೆ ಒಂದು ಗಳಿಗೆ ಸಾಕು.

ರಾಯಚೂರಿನ ಶಕ್ತಿನಗರದ ಕರೆಂಟ್ ಸ್ಥಾವರಕ್ಕೆ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳಿಂದ ರೈಲಲ್ಲಿ ಕಲ್ಲಿದ್ದಲು ಬರುತ್ತೆ. ಅದನ್ನ ಪುಡಿ ಮಾಡಿ ಉರಿಸಿ, ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸ್ತಾರೆ, ಒಂದು ಯೂನಿಟ್ಟಿಗೆ ಹತ್ರತ್ರ ಮುಕ್ಕಾಲು ಕೆಜಿ ಕಲ್ಲಿದ್ದಲು. ಅಂದ್ರೆ ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ 5 ಎಚ್‌ಪಿ ಬೋರ್ ಮೋಟ್ರು ಕಲ್ಲಿದ್ದಲ ಕರೆಂಟಲ್ಲಿ ಒಂದು ಗಂಟೆ ಓಡಿದ್ರೆ ಮೂರು ಕೆಜಿ ಹೋಯ್ತು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಿಂದ ಕರೆಂಟ್ ಮಾಡೋ ಫ್ಯಾನುಗಳು ಆಷಾಢದಲ್ಲಿ ಜೋರಾಗೇ ತಿರುಗ್ತವೆ, ಆದ್ರೆ ಗಾಳಿ ಬಿದ್ದ ರಾತ್ರಿ ಇವತ್ತಿಗೂ ಹೆಚ್ಚಾಗಿ ಕಲ್ಲಿದ್ದಲೇ ಆಧಾರ. ಉಕ್ಕಿಗೂ ಅದು ಬೇಕು, ಅದಿರಲ್ಲಿರೋ ಆಮ್ಲಜನಕ ಕಿತ್ಕೊಂಡು ಕಬ್ಬಿಣ ಬಿಡಿಸೋದು ಕಲ್ಲಿದ್ದಲಿಂದ ಮಾಡಿದ ಕೋಕ್.

ಪೆಟ್ರೋಲು ಡೀಸೆಲ್ಲು ಕಾಡಿಂದಲ್ಲ, ಸಮುದ್ರದಲ್ಲಿದ್ದ ಕಣ್ಣಿಗೂ ಕಾಣದ ಜೀವಿಗಳಿಂದ ಆದದ್ದು. ಕಚ್ಚಾ ಎಣ್ಣೆ ಕಾಯಿಸಿದ್ರೆ ಹಗುರ ಇರೋದು ಮೇಲೆ ಹೋಗುತ್ತೆ, ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ತಳದಲ್ಲಿ ಉಳಿಯೋ ಗಸಿನೇ ರೋಡಿಗೆ ಹಾಕೋ ಡಾಂಬರು. ಹೈವೇಲಿ ಹೋಗೋ ಲಾರಿ ಹೊಟ್ಟೇಲಿರೋದೂ ಅದೇ ಎಣ್ಣೆ, ಚಕ್ರದ ಕೆಳಗಿನ ಡಾಂಬರೂ ಅದೇ ಎಣ್ಣೆ, ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಹೊರದೇಶದ್ದು.

ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅನ್ಸೋದು ನ್ಯಾಚುರಲ್ ಗ್ಯಾಸ್ ಬಗ್ಗೆ, ಯಾಕಂದ್ರೆ ಅದನ್ನ ನಾವು ಬರೀ ಒಲೆ ಉರಿಸೋದು ಅಂದ್ಕೊಂಡಿದೀವಿ. ಮಹಾರಾಷ್ಟ್ರದ ದಾಭೋಲಿಂದ ಬೆಂಗಳೂರಿಗೆ 2013ರಲ್ಲಿ ಶುರುವಾದ ಪೈಪ್‌ಲೈನು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆ ಮೇಲೇ ಹೋಗಿದೆ, ಹೊಲದ ಪಕ್ಕ ಗುರುತಿನ ಕಂಬ ನೋಡಿದವರು ಇರ್ತೀರ. ಆದ್ರೆ ಗ್ಯಾಸು ಹೊಲದ ಪಕ್ಕ ಅಷ್ಟೇ ಅಲ್ಲ, ಹೊಲದ ಒಳಗೂ ಇದೆ. ಗ್ಯಾಸಲ್ಲಿರೋ ಮೀಥೇನಿಂದ ಹೈಡ್ರೋಜನ್ ಬಿಡಿಸಿ, ಗಾಳಿಯ ನೈಟ್ರೋಜನ್ ಜೊತೆ ಭಾರೀ ಒತ್ತಡದಲ್ಲಿ ಸೇರಿಸಿದ್ರೆ ಅಮೋನಿಯಾ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಕೂಡಿಸಿದ್ರೆ ಯೂರಿಯಾ. ಪಣಂಬೂರಿನ ಗೊಬ್ಬರ ಕಾರ್ಖಾನೆ ಮೊದಲು ಕಚ್ಚಾ ಎಣ್ಣೆಯಿಂದ ತೆಗೆಯೋ ನಾಫ್ತಾ ಬಳಸ್ತಿತ್ತು, ಕೊಚ್ಚಿ ಪೈಪ್‌ಲೈನ್ ಬಂದಮೇಲೆ ಗ್ಯಾಸಿಗೆ ಬದಲಾಯ್ತು. ದಾವಣಗೆರೆ ಸೀಮೆಲಿ ಮೆಕ್ಕೆಜೋಳ ಹಾಕೋ ರೈತ 45 ಕೆಜಿ ಯೂರಿಯಾ ಚೀಲ ಹೊತ್ಕೊಂಡು ಹೋಗ್ತಾನಲ್ಲ, ಅವನು ಹೊತ್ತಿರೋದು ಬೇರೆ ರೂಪದ ಗ್ಯಾಸು. ಅದೂ ಮಳೆ ಮುಂಚೆ ಒಂದೇ ಸಲ ಸುರಿದ್ರೆ ಎಷ್ಟೋ ಪಾಲು ಬೆಳೆಗೆ ಸಿಗದೆ ನೀರಿಗೂ ಗಾಳಿಗೂ ಹೋಗುತ್ತೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎರಡು ಮೂರು ಕಂತಲ್ಲಿ, ಬೇರಿನ ಹತ್ರ ಕೊಡಿ ಅಂತ ಕೃಷಿ ಇಲಾಖೆಯವರು ಹೇಳೋದು ಸುಮ್ನೆ ಅಲ್ಲ.

ಇನ್ನು ಯುರೇನಿಯಂ. ಇದು ಸತ್ತ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ನಮ್ಮ ಸೂರ್ಯ ಹುಟ್ಟೋಕೂ ಮುಂಚೆ ಸಾಯೋ ನಕ್ಷತ್ರಗಳಲ್ಲಿ ಆದದ್ದು, ಭೂಮಿ ಮೇಲೆ ಹೊಸದಾಗಿ ಆಗಲ್ಲ, ಹಾಗಾಗಿ ಇದೂ ಖರ್ಚಾಗೋ ಲೆಕ್ಕಕ್ಕೇ ಸೇರುತ್ತೆ. ಕಾಳಿ ನದಿ ಪಕ್ಕದ ಕೈಗಾ ಅಣುಸ್ಥಾವರದಲ್ಲಿ ಇದರಿಂದ ಕರೆಂಟ್ ಮಾಡೋ 220 ಮೆಗಾವ್ಯಾಟಿನ ನಾಲ್ಕು ಘಟಕ ಇದಾವೆ, ಮೊದಲನೇದು 2018ರ ಕೊನೇ ದಿನಕ್ಕೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡ್ತು.

ಆ ಯುರೇನಿಯಂ ದುರ್ಗದ ಬಂಡೆಯಂಥ ಗ್ರಾನೈಟ್ ಜಾತಿ ಕಲ್ಲಲ್ಲೂ ಇರುತ್ತೆ, ಸಾಮಾನ್ಯವಾಗಿ ಟನ್ನಿಗೆ ಮೂರ್ನಾಲ್ಕು ಗ್ರಾಂ, ತೆಗೆಯೋಕೆ ಏನೇನೂ ಸಾಲಲ್ಲ. ಆದ್ರೆ ಬಂಡೆ ಹುಟ್ಟಿದಾಗ ಒಳಗೆ ಸಿಕ್ಕಿಕೊಂಡ ಯುರೇನಿಯಂ ಅವತ್ತಿಂದ ನಿಧಾನಕ್ಕೆ ಸೀಸ ಆಗ್ತಾ ಬಂದಿದೆ, ಸುಮಾರು ಮೂರರಲ್ಲಿ ಒಂದು ಪಾಲು ಹೀಗೆ ಕರಗಿದೆ. ಕಲ್ಲಿಗೆ 250 ಕೋಟಿ ವರ್ಷ ದಾಟಿದೆ ಅಂತ ಭೂವಿಜ್ಞಾನಿಗಳು ಹೇಳೋದು ಕಲ್ಲೊಳಗಿನ ಸಣ್ಣ ಸಣ್ಣ ಹರಳಲ್ಲಿ ಆ ಸೀಸ ಎಷ್ಟಿದೆ, ಯುರೇನಿಯಂ ಎಷ್ಟು ಉಳಿದಿದೆ ಅಂತ ಅಳೆದೇ.