ಮಗ ಗೇಮ್‌ನಲ್ಲಿ ಕತ್ತಲಿನ ಕಡೆ ಸೇರಿದ್ದಾನೆ, ಚಿಂತೆ ಮಾಡಬೇಕಾ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಕಂಪ್ಯೂಟರಿನಲ್ಲಿ ದೇವತೆಗಳು, ರಾಕ್ಷಸರು, ಮಾಟ ಮಂತ್ರ ಇರುವ ಗೇಮ್‌ಗಳನ್ನು ಆಡುತ್ತಾನೆ. ಮೊನ್ನೆ ನನ್ನ ಎದುರಿಗೇ "ನಂದು ಕತ್ತಲಿನ ಕಡೆ" ಅಂತ ಆರಿಸಿಕೊಂಡ. ದಿನಾ ದೇವರ ಮುಂದೆ ದೀಪ ಹಚ್ಚುವ ಮನೆ ನಮ್ಮದು. ಇದು ಕೆಟ್ಟ ಚಾಳಿಯಾ?
ಒಬ್ಬ ತಾಯಿ, ಕಲಬುರಗಿ

ಉತ್ತರ: ಅಕ್ಕಾ, ಇದನ್ನೇ ಬೇರೆ ಬೇರೆ ರೀತಿಯಲ್ಲಿ ತುಂಬಾ ತಂದೆ ತಾಯಿ ಕೇಳುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ. ಕತ್ತಲಿನ ಕಡೆ ಆರಿಸಿಕೊಂಡ ಅನ್ನುವಷ್ಟಕ್ಕೇ ಹೆದರಬೇಡಿ. ಆ ಗೇಮ್‌ನಲ್ಲಿ ಕತ್ತಲು ಅಂದರೆ ಏನು, ಅಲ್ಲಿ ಅವನು ಯಾರಿಗೆ ಏನು ಮಾಡುತ್ತಿದ್ದಾನೆ, ಅದನ್ನು ತಿಳಿದುಕೊಳ್ಳಿ. ಯಾಕೆ ಅಂದರೆ ಒಳ್ಳೆಯ ಗೇಮ್‌ಗಳಲ್ಲಿ ಕತ್ತಲು ಬೇರೆ, ಕೆಡುಕು ಬೇರೆ.

ಶುರುವಿನಲ್ಲಿ ಕತ್ತಲು ಬರೀ ಆಟದ ನಿಯಮ. 1996ರ 'ಡಯಾಬ್ಲೊ' ನೋಡಿ. ನೆಲದಡಿಯ ಗವಿಯಲ್ಲಿ ನಡೆಯುವ ವೀರನ ಸುತ್ತ ಒಂದು ಬೆಳಕಿನ ವೃತ್ತ ಇರುತ್ತದೆ. ಅದರಾಚೆ ಏನಿದೆ ಅಂತ ಕಾಣುವುದಿಲ್ಲ. ಕೆಲವು ವಸ್ತು ತೊಟ್ಟರೆ ಆ ವೃತ್ತ ದೊಡ್ಡದಾಗುತ್ತದೆ, ಕೆಲವು ತೊಟ್ಟರೆ ಚಿಕ್ಕದಾಗುತ್ತದೆ. ಕಾಣದ ಕಡೆಯಿಂದ ಏಟು ಬೀಳುತ್ತದೆ, ಅದಕ್ಕೇ ಭಯ. ಇದರಲ್ಲಿ ಪಾಪ ಪುಣ್ಯದ ಮಾತೇ ಇಲ್ಲ. ಆ ಭಯದ ಮೇಲೆ ನೀತಿಯನ್ನು ಅಂಟಿಸಿದ್ದು ಕಥೆ ಬರೆದವರು. 2004ರ 'ಫೇಬಲ್'ನಲ್ಲಿ ಒಳ್ಳೆಯದು ಮಾಡಿದರೆ ನಿಮ್ಮ ಪಾತ್ರದ ತಲೆಯ ಸುತ್ತ ಪ್ರಭೆ ಮೂಡುತ್ತದೆ, ಕೆಟ್ಟದ್ದು ಮಾಡುತ್ತಾ ಹೋದರೆ ಕೊಂಬು ಬೆಳೆಯುತ್ತದೆ. ಮುಖ ನೋಡಿ ಗುಣ ಹೇಳುವ ಲೆಕ್ಕ. ಮಕ್ಕಳಿಗೆ ಬೇಗ ಅರ್ಥ ಆಗುತ್ತದೆ ನಿಜ. ಆದರೆ ಜೀವನದಲ್ಲಿ ಮೋಸ ಮಾಡಿದವರ ತಲೆಯ ಮೇಲೆ ಕೊಂಬು ಮೂಡುವುದಿಲ್ಲ ಅಲ್ವಾ?

ಈ ಲೆಕ್ಕವನ್ನು ತಲೆಕೆಳಗು ಮಾಡಿದ ಗೇಮ್‌ಗಳೂ ಇವೆ, ಅದೂ ಬಹಳ ಹಿಂದಿನಿಂದ. 1990ರಲ್ಲಿ ಜಪಾನಿನಲ್ಲಿ ಬಂದ 'ಫೈನಲ್ ಫ್ಯಾಂಟಸಿ 3'ರಲ್ಲಿ ಆಡುವವರು ಬೆಳಕಿನ ಯೋಧರು. ಆದರೆ ಸಾವಿರ ವರ್ಷದ ಹಿಂದೆ ಬೆಳಕೇ ಮಿತಿಮೀರಿತ್ತು, ಆಗ ಲೋಕವನ್ನು ಉಳಿಸಿದ್ದು ಕತ್ತಲಿನ ಯೋಧರು ಅಂತ ಆಮೇಲೆ ಗೊತ್ತಾಗುತ್ತದೆ.

ಅದೇ ಸಾಲಿನ 'ಫೈನಲ್ ಫ್ಯಾಂಟಸಿ 14'ಕ್ಕೆ 2019ರಲ್ಲಿ ಬಂದ 'ಶ್ಯಾಡೋಬ್ರಿಂಗರ್ಸ್' ಭಾಗ ಈ ವಿಚಾರವನ್ನು ಪೂರ್ತಿ ಬೆಳೆಸಿತು. ಅಲ್ಲಿ ಒಂದು ಲೋಕದ ಬಹುಪಾಲು ಬೆಳಕಿನ ಪ್ರಳಯಕ್ಕೆ ಸಿಕ್ಕಿ ನಾಶವಾಗಿದೆ. ಉಳಿದ ತುಂಡು ನೆಲದಲ್ಲಿ ನೂರು ವರ್ಷದಿಂದ ರಾತ್ರಿಯೇ ಆಗಿಲ್ಲ. ಬೆಳಕಿನಿಂದ ಹುಟ್ಟಿದ ಬಿಳಿ ಜೀವಿಗಳು ಜನರ ಜೀವ ಹೀರುತ್ತವೆ. ಆಡುವವನ ಬಿರುದು 'ಕತ್ತಲಿನ ಯೋಧ', ಅವನ ಕೆಲಸ ರಾತ್ರಿಯನ್ನು ವಾಪಸ್ ತರುವುದು. ಅವನು ಮೊದಲ ಸಲ ಗೆದ್ದಾಗ ಆಕಾಶ ಕಪ್ಪಾಗುತ್ತದೆ, ಜನ ಹುಟ್ಟಿದಾಗಿನಿಂದ ಕಾಣದ ನಕ್ಷತ್ರಗಳನ್ನು ತಲೆಯೆತ್ತಿ ನೋಡುತ್ತಾರೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ಹೋದವರಿಗೆ ಗೊತ್ತು, ಆಗ ಬಿಸಿಲನ್ನು ಯಾರೂ ಹೊಗಳುವುದಿಲ್ಲ. ಹೊತ್ತು ಮುಳುಗಲಿ ಅಂತ ಕಾಯುತ್ತೇವೆ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸಿದಾಗಲೇ ಜೀವಕ್ಕೆ ಸಮಾಧಾನ.

ನನಗೆ ಇವೆಲ್ಲಕ್ಕಿಂತ ಆಳವಾದದ್ದು ಅನಿಸುವುದು 2011ರ 'ಡಾರ್ಕ್ ಸೋಲ್ಸ್'. ಹಿದೆತಕ ಮಿಯಾಝಾಕಿ ನಿರ್ದೇಶಿಸಿದ ಗೇಮ್. ಅಲ್ಲಿ ದೇವತೆಗಳ ಕಾಲ ಒಂದು ಮೂಲ ಬೆಂಕಿಯ ಮೇಲೆ ನಿಂತಿದೆ. ಬೆಂಕಿ ಆರುತ್ತಾ ಬಂದಿದೆ. ಅವರ ರಾಜ ಗ್ವಿನ್, ತಮ್ಮ ಕಾಲ ಮುಗಿಯಬಾರದು ಅಂತ, ತನ್ನನ್ನೇ ಅದಕ್ಕೆ ಸೌದೆಯಾಗಿ ಹಾಕಿಕೊಳ್ಳುತ್ತಾನೆ. ಇತ್ತ ಮನುಷ್ಯರ ಮೂಲ ಇರುವುದು ಕತ್ತಲಿನ ಆತ್ಮದಲ್ಲಿ. ಅಂದರೆ ಬೆಂಕಿ ಆರಿದರೆ ಬರುವುದು ಮನುಷ್ಯರ ಕಾಲ. ದೇವತೆಗಳ ನಗರ ಅನೋರ್ ಲೊಂಡೊ ಮೊದಲು ಬಂಗಾರದ ಬಿಸಿಲಿನಲ್ಲಿ ಹೊಳೆಯುತ್ತದೆ. ಅಲ್ಲಿ ಕೂತ ದೇವಿಗೆ ಬಾಣ ಬಿಟ್ಟರೆ ದೇವಿಯೂ ಮಾಯ, ಬಿಸಿಲೂ ಮಾಯ. ಎರಡೂ ಮಾಯೆಯಿಂದ ಕಟ್ಟಿದ್ದು. ಕೊನೆಗೆ ಎರಡು ದಾರಿ ಸಿಗುತ್ತವೆ. ಬೆಂಕಿಗೆ ನೀನೂ ಸೌದೆಯಾಗು, ಇಲ್ಲ ಕತ್ತಲು ಬರಲಿ ಅಂತ ಬಿಟ್ಟು ನಡೆ. ಯಾವುದು ಸರಿ ಅಂತ ಗೇಮ್ ಹೇಳುವುದಿಲ್ಲ. ಇಲ್ಲಿ ಕತ್ತಲನ್ನು ಆರಿಸಿಕೊಂಡ ಹುಡುಗ ಕೆಡುಕನ್ನು ಆರಿಸಿಕೊಂಡ ಅಂತ ನಾನು ಒಪ್ಪುವುದಿಲ್ಲ. ಮುಗಿಯಬೇಕಾದದ್ದು ಮುಗಿಯಲಿ ಅಂತ ಅವನಿಗೆ ಅನಿಸಿರಬಹುದು.

2017ರ 'ಹಾಲೋ ನೈಟ್'ನಲ್ಲೂ ರೋಗ ತರುವುದು ಬೆಳಕೇ. ಕಥೆ ಹೇಳಿ ಆಟದ ಖುಷಿ ಕೆಡಿಸುವುದಿಲ್ಲ.

ಮನೆಯಲ್ಲಿ ದೀಪ ಹಚ್ಚುತ್ತೇವೆ ಅಂದಿರಿ. ಹಚ್ಚಲೇಬೇಕು. ಆದರೆ ನಮ್ಮ ಸೀಮೆಯ ದೊಡ್ಡ ಹಬ್ಬ ಎಳ್ಳಮವಾಸ್ಯೆ ಬರುವುದೂ ಚಂದ್ರನಿಲ್ಲದ ದಿನವೇ. ಅವತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಭೂಮಿತಾಯಿಗೆ ಎಡೆಯ ಅನ್ನ ಚೆಲ್ಲುತ್ತೇವೆ. ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗಿ ಬೆಳೆಯ ನಡುವೆ ಕೂತು ಊಟ ಮಾಡುತ್ತೇವೆ. ಪೂಜೆ ಮಾಡುವುದು ಕಪ್ಪು ಎರೆ ಭೂಮಿಗೆ. ಅಮಾವಾಸ್ಯೆಯನ್ನೂ ಕಪ್ಪನ್ನೂ ಇಷ್ಟು ಪ್ರೀತಿಯಿಂದ ನೋಡುವ ಜನ, ಪರದೆಯ ಮೇಲಿನ ಕತ್ತಲಿಗೆ ಬೆಚ್ಚಬೇಕಾಗಿಲ್ಲ.

ಹಾಗಂತ ಚಿಂತೆಯ ವಿಷಯ ಇಲ್ಲವೇ ಇಲ್ಲ ಅಂತಲ್ಲ. ನನ್ನನ್ನು ನಿಜವಾಗಿ ಕಾಡುವುದು ಕಪ್ಪು ಬಣ್ಣವನ್ನು ದೇಹಕ್ಕೆ ಬಳಿಯುವುದು. ಹಳೆಯ ಫ್ಯಾಂಟಸಿಯಲ್ಲಿ, ಅಂದರೆ ಮಾಟ ಮಂತ್ರದ ಕಲ್ಪನೆಯ ಕಥೆಗಳಲ್ಲಿ, ಒಳ್ಳೆಯವರು ಬೆಳ್ಳಗೆ, ದುಷ್ಟ ಜನಾಂಗ ಕಪ್ಪಗೆ. 1974ರಲ್ಲಿ ಶುರುವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನುವ, ಕಂಪ್ಯೂಟರ್ ಇಲ್ಲದೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದಲ್ಲಿ ಆಮೇಲೆ ಬಂದ 'ಡ್ರೌ' ಅನ್ನುವ ಕಪ್ಪು ಮೈಬಣ್ಣದ ಕುಲವನ್ನು ಹುಟ್ಟಿನಿಂದಲೇ ದುಷ್ಟರು ಅನ್ನುವಂತೆ ಚಿತ್ರಿಸಿದ್ದರು. ಎಷ್ಟೋ ವಿಡಿಯೋ ಗೇಮ್‌ಗಳು ಅಲ್ಲಿಂದ ಎರವಲು ತಂದವು. ಇದು ನಿಜವಾದ ಜನರ ಬಗ್ಗೆ ಆಡುತ್ತಿದ್ದ ಹೀನ ಮಾತಿನಂತೆಯೇ ಇದೆ ಅಂತ 2020ರಲ್ಲಿ ಆ ಆಟದ ಪ್ರಕಾಶಕರೇ ಒಪ್ಪಿಕೊಂಡು, ಬದಲಾಯಿಸುತ್ತೇವೆ ಅಂದರು. ಅದೇ ಆಟವನ್ನು ಆಧರಿಸಿದ 2023ರ ವಿಡಿಯೋ ಗೇಮ್ 'ಬಾಲ್ಡರ್ಸ್ ಗೇಟ್ 3'ರಲ್ಲಿ ನೀವು ಡ್ರೌ ಆಗಿಯೇ ಜನರನ್ನು ಕಾಪಾಡಬಹುದು. ಮದುವೆ ಮಾತು ಬಂದರೆ "ಹುಡುಗಿ ಬಣ್ಣ ಸ್ವಲ್ಪ ಕಮ್ಮಿ" ಅನ್ನುವ ಜನ ನಾವು. ಅದರ ಮೇಲೆ ಗೇಮ್‌ಗಳೂ ಅದನ್ನೇ ಕಲಿಸುವುದು ಬೇಡ.

ಹಾಗಾದರೆ ನೀವೇನು ಮಾಡಬೇಕು? ಅವನು ಆಡುವಾಗ ಪಕ್ಕದಲ್ಲಿ ಕೂತುಕೊಳ್ಳಿ. ಬೈಯಬೇಡಿ, ಕೇಳಿ. ಕತ್ತಲಿನ ಕಡೆ ಯಾಕೆ ಸೇರಿದೆ? ಬೆಳಕಿನ ಕಡೆಯವರು ಏನು ಮಾಡಿದರು? ಶರಣು ಬಂದವರನ್ನು ಬಿಟ್ಟೆಯಾ, ಕೊಂದೆಯಾ? ಕತ್ತಲಿನವರ ಕತ್ತಿ ಚೆನ್ನಾಗಿದೆ, ಅದಕ್ಕೇ ಸೇರಿದೆ ಅಂದರೆ ಸುಮ್ನೆ ಬಿಟ್ಟುಬಿಡಿ. ಕೈಲಾಗದವರನ್ನು ಹಿಂಸೆ ಮಾಡಲು ಮಜಾ ಬರುತ್ತದೆ ಅಂದರೆ ಕೂತು ಮಾತಾಡಿ. ಕ್ಲಾಸಿನ ಕಪ್ಪು ಹುಡುಗನಿಗೆ ಗೇಮ್‌ನ ರಾಕ್ಷಸನ ಹೆಸರಿಟ್ಟು ಕರೆಯುತ್ತಿದ್ದರೆ ಅವತ್ತೇ ನಿಲ್ಲಿಸಿ.

ಗೇಮಿನ ವಯಸ್ಸಿನ ರೇಟಿಂಗನ್ನೂ ನೋಡಿ. ಅಮೆರಿಕದ ರೇಟಿಂಗ್ ಪ್ರಕಾರ 'ಡಾರ್ಕ್ ಸೋಲ್ಸ್' 17 ತುಂಬಿದವರಿಗೆ. ಒಂಬತ್ತನೇ ಕ್ಲಾಸಿನವನಿಗೆ ಈಗಲೇ ಬೇಡ. 'ಹಾಲೋ ನೈಟ್' 10 ದಾಟಿದವರಿಗೆ ಆಗುತ್ತದೆ, ಇಬ್ಬರೂ ಅದರಿಂದ ಶುರು ಮಾಡಿ. ಬಲು ಕಷ್ಟದ ಆಟ, ಮೊದಮೊದಲು ಮಗನ ಕೈಗೇ ಕಂಟ್ರೋಲರ್ ಕೊಟ್ಟು ನೀವು ದಾರಿ ಹೇಳಿ.